ನಮ್ಮ ಹುಡುಗರ ಕಿವಿಗೂ ಕುಲಕಸುಬು ಗೊತ್ತುಮಾಡ್ತೀರಾ?



"ಬಾಬಾಸಾಹೇಬರ ವೇದಿಕೆ ಮೇಲೆ ದೆವ್ವದ ಹಾಡು ಬೇಡ." ಈ ಮಾತನ್ನ ಯಾವುದಾದ್ರೂ ಮಠದವರು ಹೇಳಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ, ನಕ್ಕು ಸುಮ್ಮನಾಗ್ತಿದ್ದೆ. ಹೇಳಿದ್ದು ನಮ್ಮವರೇ. ಇಪ್ಪತ್ತು ವರ್ಷದಿಂದ ಒಟ್ಟಿಗೆ ಬ್ಯಾನರ್ ಕಟ್ಟಿದವರು, ತಾಲ್ಲೂಕು ಕಚೇರಿ ಮುಂದೆ ಮಳೆಯಲ್ಲಿ ನೆಂದು ಒಟ್ಟಿಗೆ ಧಿಕ್ಕಾರ ಕೂಗಿದವರು. ಅದಕ್ಕೇ ಸುಮ್ಮನಿರೋಕೆ ಆಗ್ತಿಲ್ಲ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಬೈಯೋದಿದ್ರೆ ಪೂರ್ತಿ ಓದಿದ ಮೇಲೆ ಬೈಯಿರಿ.

ನಡೆದಿದ್ದು ಇಷ್ಟು. ನಮ್ಮ ಹಿರೇಕೊಡಿಗೆ ಸುತ್ತಿನ ನಾಲ್ಕು ಹುಡುಗರು ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾರೆ. ಒಬ್ಬ ಮೊಬೈಲ್ ರಿಪೇರಿ ಕಲಿತವನು, ಒಬ್ಬ ಕಾಫಿ ತೋಟದಲ್ಲಿ ಮರಗಸಿಗೆ ಹೋಗೋನು, ಇನ್ನಿಬ್ಬರು ಕಾಲೇಜು. ಯಾರೋ ಬಳಸಿ ಬಿಟ್ಟ ಗಿಟಾರು, ಕಂತಿನಲ್ಲಿ ತಗೊಂಡ ಇನ್ನೊಂದು, ಅಡಿಕೆ ಸುಲಿಯೋ ಶೆಡ್ಡಿನಲ್ಲಿ ಅಭ್ಯಾಸ. ಅವರು ನುಡಿಸೋದು 'ಡೂಮ್ ಮೆಟಲ್' ಅನ್ನೋ ಜಾತಿಯ ರಾಕ್. (ಜಾತಿ ಅಂದ್ನಾ? ಬಗೆ ಅಂತ ಓದಿಕೊಳ್ಳಿ. ಬಾಯಿಗೆ ಅದೇ ಬರ್ತದೆ ನೋಡಿ.) ಕೇಳದೇ ಇರೋರಿಗೆ ಹೇಳೋದಾದ್ರೆ, ಬಹಳ ನಿಧಾನ, ಬಹಳ ಭಾರ. ಗಿಟಾರಿನ ತಂತಿ ಸಡಿಲ ಮಾಡಿ, ಸದ್ದನ್ನ ಎದೆ ಅದುರೋ ಹಂಗೆ ಕೆಳಕ್ಕೆ ಇಳಿಸಿ, ಒಂದೇ ಸಾಲನ್ನ ಮತ್ತೆ ಮತ್ತೆ ಎಳೆದು ನುಡಿಸ್ತಾರೆ. ಕುಣಿಯೋಕೆ ಬರಲ್ಲ. ಚಪ್ಪಾಳೆ ಹೊಡೆಯೋಕೂ ಬರಲ್ಲ.

ಅವರದ್ದು ಒಂದು ಕನ್ನಡ ಹಾಡಿದೆ, ಒಂಬತ್ತು ನಿಮಿಷದ್ದು. ವಿಷಯ ಏನಂದ್ರೆ ಒಂದು ಹೆಣ. ಆಟಿ ಮಳೆಯಲ್ಲಿ ತೀರಿಹೋದ ಅಜ್ಜನ ಹೆಣ ಹೊತ್ತುಕೊಂಡು ಹೂಳೋಕೆ ಜಾಗ ಹುಡುಕಿ ಹೊರಟವರ ಕತೆ. ಈ ಕಡೆ ತೋಟದ ಬೇಲಿ, ಆ ಕಡೆ ಅರಣ್ಯ ಇಲಾಖೆ ಗಡಿಕಲ್ಲು, ಕೆಳಗೆ ತುಂಬಿದ ಹಳ್ಳ. ಹಾಡು ಮುಗಿದ್ರೂ ಹೆಣ ಹೆಗಲ ಮೇಲೇ ಇರ್ತದೆ.

ಸ್ಮಶಾನ ಭೂಮಿಗೆ ನಾವು ಎಷ್ಟು ಸಲ ಮನವಿ ಕೊಟ್ಟಿದ್ದೀವಿ? ಅದೆಷ್ಟನ್ನೋ ನಾನೇ ಟೈಪ್ ಮಾಡಿದ್ದೀನಿ. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಶುರುವಾಗಿ 'ವಂದನೆಗಳೊಂದಿಗೆ' ಅಂತ ಮುಗಿಯುವ ಆ ಕಾಗದದಲ್ಲಿ ಇಲ್ಲದ್ದು ಈ ಒಂಬತ್ತು ನಿಮಿಷದಲ್ಲಿದೆ. ಜಯಂತಿ ದಿನ ವೇದಿಕೆ ಮೇಲೆ ಹದಿನೈದು ನಿಮಿಷ ಕೊಡಿ ಅಂತ ಹುಡುಗರು ಕೇಳಿದ್ರು. ಸಮಿತಿ ಕೊಡಲಿಲ್ಲ. ಇದು ನಮ್ಮ ಸಂಸ್ಕೃತಿ ಅಲ್ಲ, ಪರದೇಶದ ಶ್ರೀಮಂತರ ಮಕ್ಕಳ ಹುಚ್ಚು ಅಂದ್ರು ಒಬ್ಬರು. ಬಾರಿಸಲೇಬೇಕು ಅಂದ್ರೆ ತಮಟೆ ಬಾರಿಸಲಿ, ಅದು ನಮ್ಮದು ಅಂದ್ರು ಇನ್ನೊಬ್ಬರು. ಸಂಭ್ರಮದ ದಿನ ಹೆಣದ ಹಾಡು ಎಂತಕ್ಕೆ ಅನ್ನೋದು ಮೂರನೆಯವರ ಮಾತು. ಆಮೇಲೆ ಮೆರವಣಿಗೆಗೆ ಡಿಜೆ ಬಂತು. ಎರಡು ಗಂಟೆ ಸಿನಿಮಾ ಹಾಡು. ಅದರಲ್ಲಿ ಒಂದಂತೂ ಹೆಣ್ಣುಮಕ್ಕಳು ತಲೆ ತಗ್ಗಿಸೋ ಹಾಡು. ಅದು ಯಾರ ಸಂಸ್ಕೃತಿ ಅಂತ ಯಾರೂ ಕೇಳಲಿಲ್ಲ.

ಮೊದಲು ಆ 'ಶ್ರೀಮಂತರ ಮಕ್ಕಳ ಹುಚ್ಚು' ವಿಚಾರ.

ಈ ಕತ್ತಲೆ ರಾಕಿನ ಮೂಲಪುರುಷರು ಅಂತ ಎಲ್ಲರೂ ಒಪ್ಪೋದು ಬ್ಲ್ಯಾಕ್ ಸಬ್ಬತ್ ಅನ್ನೋ ಬ್ಯಾಂಡನ್ನ. ಮೊದಲ ಆಲ್ಬಮ್ ಬಂದಿದ್ದು 1970ರ ಫೆಬ್ರವರಿ 13ಕ್ಕೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಅನ್ನೋ ಕಡೆಯವರು. ಕಾರ್ಖಾನೆ ಕೆಲಸಗಾರರ ಬೀದಿ ಅದು, ಯುದ್ಧದಲ್ಲಿ ಬಾಂಬು ತಿಂದ ಊರು. ಗಿಟಾರಿನ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೇಳನೇ ವಯಸ್ಸಿಗೆ ಅವನ ಬಲಗೈಯ ಎರಡು ಬೆರಳಿನ ತುದಿಯನ್ನ ಮೆಷಿನ್ನು ತಿಂದುಹಾಕ್ತು. ಅವನು ಎಡಚ, ಅಂದ್ರೆ ತಂತಿ ಒತ್ತೋ ಕೈಯೇ ಹೋಯ್ತು. ಗಿಟಾರ್ ಬಿಡು ಅಂದ್ರು. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿ, ಅದರ ಮೇಲೆ ಚರ್ಮದ ತುಂಡು ಅಂಟಿಸಿಕೊಂಡು ನುಡಿಸಿದ. ಚರ್ಮ ಮಾರಾಯ್ರೇ, ಚರ್ಮ! ಬೆರಳು ನೋಯ್ತದೆ ಅಂತ ತೆಳು ತಂತಿ ಹಾಕಿದ. ಮುಂದೆ ತಂತಿ ಸಡಿಲ ಮಾಡಿ ಶ್ರುತಿ ಇಳಿಸಿದ. ನಮ್ಮವರಿಗೆ ದೆವ್ವದ ದನಿ ಅಂತ ಕೇಳೋ ಆ ಸದ್ದಿನಲ್ಲಿ ಒಬ್ಬ ಕೂಲಿಯ ಕತ್ತರಿಸಿದ ಬೆರಳಿನ ಪಾಲಿದೆ.

ಹಾಡುಗಾರ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು. ಈ ಸಾಲನ್ನ ಇನ್ನೊಂದು ಸಲ ಓದಿ. ನಮ್ಮ ಕೇರಿಗಳಲ್ಲಿ ದನದ ತೊಗಲು ಸುಲಿದ ಅಜ್ಜಂದಿರ ಮೊಮ್ಮಕ್ಕಳಿಗೆ ಅವನು ಪರದೇಶಿ, ಆದರೆ ಸಿನಿಮಾದ ಕೋಟ್ಯಧಿಪತಿ ನಾಯಕ ಮಾತ್ರ ನಮ್ಮವನು! ಇನ್ನು ಅವರ ಹೆಚ್ಚಿನ ಹಾಡುಗಳನ್ನ ಬರೆದ ಗೀಜರ್ ಬಟ್ಲರ್ ಲೆಕ್ಕಪತ್ರದ ಆಫೀಸಿನಲ್ಲಿ ಕೆಲಸ ಕಲೀತಿದ್ದವನು. ಗುಮಾಸ್ತನಾದ ನನಗೆ ಅವನ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮುಚ್ಚಿಡೋದಿಲ್ಲ. ವಿಯೆಟ್ನಾಂ ಯುದ್ಧ ನಡೀತಿದ್ದ ಕಾಲದಲ್ಲಿ, ಬಡವರ ಮಕ್ಕಳನ್ನ ಸಾಯೋಕೆ ಕಳಿಸಿ ತಾವು ಮೇಜಿನ ಹಿಂದೆ ಕೂತ ದೊಡ್ಡವರ ಮೇಲೆ 'ವಾರ್ ಪಿಗ್ಸ್' ಬರೆದವರು ಇವರೇ. 2025ರ ಜುಲೈ 5ಕ್ಕೆ ಅದೇ ಆಸ್ಟನ್ನಿನ ವಿಲ್ಲಾ ಪಾರ್ಕಿನಲ್ಲಿ ಆಜಿ ಕೊನೇ ಸಲ ಹಾಡಿದ. ನಿಲ್ಲೋಕೆ ಆಗದೆ ಕುರ್ಚಿ ಮೇಲೆ ಕೂತು ಹಾಡಿದ. ಅದೇ ತಿಂಗಳು 22ಕ್ಕೆ ತೀರಿಕೊಂಡ.

ಇನ್ನೂ ಹಿಂದಕ್ಕೆ ಹೋದ್ರೆ? ರಾಕ್ ಹುಟ್ಟಿದ್ದು ಅಮೆರಿಕದ ಕರಿಯರ ಬ್ಲೂಸ್‌ನಿಂದ, ಗುಲಾಮರ ಮಕ್ಕಳು ಮೊಮ್ಮಕ್ಕಳು ಹತ್ತಿ ಹೊಲದಲ್ಲಿ, ಜೈಲಿನಲ್ಲಿ, ಗಡಂಗಿನಲ್ಲಿ ಹಾಡಿದ ಹಾಡಿನಿಂದ. ಆ ಬ್ಲೂಸನ್ನ ದೆವ್ವದ ಸಂಗೀತ ಅಂತ ಕರೆದವರಲ್ಲಿ ಬಿಳಿಯರಷ್ಟೇ ಇರಲಿಲ್ಲ, ಚರ್ಚಿಗೆ ಹೋಗುವ ಮರ್ಯಾದಸ್ಥ ಕರಿಯ ಮನೆಗಳವರೂ ಇದ್ದರು. ರಾಬರ್ಟ್ ಜಾನ್ಸನ್ ಅಂತ ಒಬ್ಬ ಇದ್ದ. 1938ರಲ್ಲಿ ಇಪ್ಪತ್ತೇಳಕ್ಕೇ ಸತ್ತ. ಧ್ವನಿಮುದ್ರಣ ಮಾಡಿದ್ದು 29 ಹಾಡು. ಅವನು ನಾಲ್ಕು ದಾರಿ ಕೂಡೋ ಕಡೆ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತ ಅಂತ ಇವತ್ತಿಗೂ ಕತೆ ಹೇಳ್ತಾರೆ. ಕರಿಯ ಬಡವನೊಬ್ಬ ಅಷ್ಟು ಚೆನ್ನಾಗಿ ನುಡಿಸ್ತಾನೆ ಅಂದ್ರೆ ಅದು ಅವನ ಸ್ವಂತದ್ದಾಗಿರೋಕೆ ಸಾಧ್ಯವಿಲ್ಲ, ದೆವ್ವದ ಕೈವಾಡ ಇರಲೇಬೇಕು, ಅಲ್ವಾ? ಈ ತರ್ಕ ನಮಗೆ ಹೊಸದೇನೂ ಅಲ್ಲ. ಮೀಸಲಾತಿ ಇಲ್ಲದೆ ಪಾಸಾದ ನಮ್ಮ ಹುಡುಗನ ಬಗ್ಗೆ ಸ್ಟಾಫ್ ರೂಮುಗಳಲ್ಲಿ ಆಡೋ ಮಾತನ್ನ ನೆನಪು ಮಾಡಿಕೊಳ್ಳಿ.

1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಕಟ್ಟಿದವರು ಆ ಹೆಸರನ್ನ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ತಂದ್ರು. ಅದನ್ನ ನಾವು ಹೆಮ್ಮೆಯಿಂದ ಹೇಳಿಕೊಳ್ತೀವಿ. ಕರಿಯರ ಹೆಸರು ಬೇಕು, ಅವರ ಸಂಗೀತದ ಮೊಮ್ಮಗು ಬಾಗಿಲಿಗೆ ಬಂದ್ರೆ 'ಯಾರ ಮನೆ ಮಗು ನೀನು' ಅಂತ ಕೇಳ್ತೀರಿ.

ಅಷ್ಟಕ್ಕೂ ಬಾಬಾಸಾಹೇಬರು ವಯಸ್ಸಾದ ಮೇಲೆ ಆಸೆಪಟ್ಟು ಕಲಿಯೋಕೆ ಕೂತದ್ದು ಪಿಟೀಲು. ಯುರೋಪಿನ ವಾದ್ಯ. ಪಾಠ ಹೇಳಿಸಿಕೊಂಡು ಕಲಿತರು. 'ಸಾಹೇಬರೇ, ನಿಮ್ಮ ಹಿರಿಯರದ್ದು ಪಿಟೀಲಲ್ಲ' ಅಂತ ಹೇಳೋ ಸಮಿತಿ ಆಗ ಇರಲಿಲ್ಲ, ಪುಣ್ಯ. ಅವರ ಸೂಟು ಬೂಟೂ ನಮ್ಮ ಸಂಸ್ಕೃತಿ ಆಗಿರಲಿಲ್ಲ. ಅದಕ್ಕೇ ಅವರು ಅದನ್ನ ಹಾಕಿದ್ರು.

ಪಿಟೀಲಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡ್ತೀನಿ. ಅದು ಕರ್ನಾಟಕ ಸಂಗೀತಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕೈಯಲ್ಲಿ. ಇನ್ನೂರು ವರ್ಷದಲ್ಲಿ ಅದು ಶುದ್ಧ ಶಾಸ್ತ್ರೀಯ ಆಗಿಹೋಯ್ತು. ಅವರು ಮುಟ್ಟಿದ ಪರದೇಶಿ ವಾದ್ಯ ಶಾಸ್ತ್ರೀಯ, ನಾವು ಮುಟ್ಟಿದ ಪರದೇಶಿ ವಾದ್ಯ ಅಸಹ್ಯ. ಸಭೆಯಲ್ಲಿ ಸಂಗೀತ ಬಲ್ಲವರೊಬ್ಬರು ಹುಡುಗರ ಹಾಡು ಕೇಳಿ 'ಅಪಸ್ವರ' ಅಂದ್ರು. ಬ್ಲ್ಯಾಕ್ ಸಬ್ಬತ್‌ನ ಆ ಹೆಸರಿನ ಹಾಡಿನಲ್ಲೇ ಜನಕ್ಕೆ ಮೈ ಜುಮ್ಮೆನಿಸೋ ಜಾಗ ಇದೆ. ಷಡ್ಜದಿಂದ ಪ್ರತಿಮಧ್ಯಮಕ್ಕೆ ಎಷ್ಟು ದೂರವೋ ಅಷ್ಟೇ ದೂರದ ಎರಡು ಸ್ವರ ಅವು. ನಮ್ಮ 72 ಮೇಳಕರ್ತ ರಾಗಗಳಲ್ಲಿ ಅರ್ಧಕ್ಕೆ, ಅಂದ್ರೆ 36ಕ್ಕೆ, ಪ್ರತಿಮಧ್ಯಮವೇ ಇರೋದು. ಕಲ್ಯಾಣಿಯಲ್ಲಿ ಕೂತಾಗ ಮಂಗಳ, ಕೇರಿ ಹುಡುಗನ ಗಿಟಾರಿನಲ್ಲಿ ಕೂತಾಗ ಅಪಸ್ವರವೇ? ಇದನ್ನ ನನಗೆ ಬಿಡಿಸಿ ಹೇಳಿದ್ದು ಆ ಮೊಬೈಲ್ ರಿಪೇರಿ ಹುಡುಗ. ಇಂಟರ್ನೆಟ್ಟಿನಲ್ಲಿ ಕೂತು ಕಲ್ತಿದಾನೆ.

ಈಗ ತಮಟೆ. ಇಲ್ಲಿ ನಿಧಾನಕ್ಕೆ ಮಾತಾಡಬೇಕು.

ತಮಟೆಯ ಬಗ್ಗೆ ಅಗೌರವದ ಮಾತು ನನ್ನ ಬಾಯಿಂದ ಬರಲ್ಲ. ಮಲೆನಾಡಿನ ಮಳೆಗೆ ಮೆತ್ತಗಾದ ಚರ್ಮವನ್ನ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ನೋಡಿ, ಇನ್ನೂ ಸ್ವಲ್ಪ ಕಾಯಬೇಕು ಅಂತ ತಿರುಗಿಸೋರ ಪಕ್ಕ ಕೂತು ಬೆಳೆದವನು ನಾನು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಆಫೀಸಿನಲ್ಲಿ ಸ್ವೀಟ್ ಹಂಚಿದವನೂ ನಾನೇ. ಆದ್ರೆ ತಮಟೆ 'ನಮ್ಮದು' ಆಗಿದ್ದು ಯಾವಾಗ ಅನ್ನೋದನ್ನ ನೆನಪಿಡಬೇಕು. ಊರ ಗೌಡ ಹೇಳಿ ಕಳಿಸಿದಾಗ ಹೆಣದ ಮುಂದೆ, ಜಾತ್ರೆ ಮುಂದೆ, ಡಂಗುರಕ್ಕೆ ಅಂತ ಬಾರಿಸಿ, ದೂರ ನಿಂತು ಅನ್ನ ಈಸಿಕೊಂಡು ಬರ್ತಿದ್ದಾಗ ಅದು ನಮ್ಮದಾಗಿತ್ತಾ? ಅದು ಬಿಟ್ಟಿ ಚಾಕರಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ಸಂಘರ್ಷ ಸಮಿತಿಯ ಗಾಳಿ ಬೀಸಿದ ಎಷ್ಟೋ ಊರಲ್ಲಿ ನಮ್ಮ ಹಿರಿಯರು 'ಇನ್ನು ಬಾರಿಸೋದಿಲ್ಲ' ಅಂದ್ರು. ಅದಕ್ಕೆ ಬಹಿಷ್ಕಾರ ಹಾಕಿಸಿಕೊಂಡ್ರು, ಪೆಟ್ಟು ತಿಂದ್ರು. ಒಲ್ಲೆ ಅಂದ ಮೇಲೇ ಅದನ್ನ ಹೋರಾಟದ ಮೆರವಣಿಗೆಗೆ ತಾವಾಗಿ ಎತ್ತಿಕೊಂಡ್ರು. ಬಾರಿಸದೇ ಇರೋ ಹಕ್ಕು ಸಿಕ್ಕಿದ ದಿನ ಅದು ವಾದ್ಯ ಆಯ್ತು.

ಘಟ್ಟದ ಕೆಳಗೆ ನೋಡಿ. ಕೊರಗರ ಡೋಲಿನಷ್ಟು ಚಂದದ ವಾದ್ಯ ಇಲ್ಲ. ಆದರೆ ಅಜಲು ಅನ್ನೋ ಹೆಸರಲ್ಲಿ ಅವರನ್ನ ಹುಟ್ಟಿನ ಕಾರಣಕ್ಕೆ ಡೋಲು ಬಾರಿಸೋಕೆ, ಎಂಜಲು ತಿನ್ನೋಕೆ ಹಚ್ಚಿದ್ರು. ಅದನ್ನ ನಿಲ್ಲಿಸೋಕೆ 2000ದಲ್ಲಿ ಒಂದು ಕಾಯ್ದೆಯೇ ಬರಬೇಕಾಯ್ತು. ಡೋಲಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. 'ನೀನು ಹುಟ್ಟಿದ್ದು ಇಲ್ಲಿ, ನೀನು ಬಾರಿಸಬೇಕಾದ್ದು ಇದು' ಅನ್ನೋ ಮಾತಿಗೆ ಆ ಕಾಯ್ದೆ.

ಈಗ ನೀವು ಆ ಹುಡುಗರಿಗೆ ಹೇಳಿದ್ದೇನು? 'ನೀವು ಹುಟ್ಟಿದ್ದು ಇಲ್ಲಿ, ನೀವು ಬಾರಿಸಬೇಕಾದ್ದು ಇದು.' ಗೌಡರು ಹೇಳಿದ್ರೆ ಜಾತಿ, ನಾವು ಹೇಳಿದ್ರೆ ಅಸ್ಮಿತೆ! ಹುಟ್ಟಿದ ಮನೆ ನೋಡಿ ಕೆಲಸ ಹಂಚೋದು ಜಾತಿಯ ಬೇರು, ಮನುಷ್ಯನ ಸ್ವಂತ ಶಕ್ತಿ, ಸ್ವಂತ ಆಯ್ಕೆಗೆ ಅಲ್ಲಿ ಜಾಗವಿಲ್ಲ ಅಂತ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ವಾದ ಮಾಡಿದ್ದಾರೆ. ಕೈಗೆ ಕೆಲಸ ಹಂಚೋದು ತಪ್ಪಾದ್ರೆ ಕಿವಿಗೆ ಹಂಚೋದು ಹೆಂಗೆ ಸರಿ?

ತಮಾಷೆ ಏನಂದ್ರೆ ಚರ್ಮದ ವಾದ್ಯ ಮಾಡೋ ಕೈ ನಮ್ಮವೇ ಆದ್ರೂ 'ಇದು ನಿಮ್ಮದು' ಅಂತ ಮೃದಂಗದ ಬಗ್ಗೆ ಯಾರೂ ಹೇಳಲ್ಲ. ಟಿ.ಎಂ. ಕೃಷ್ಣ ಅವರು ಮೃದಂಗ ಮಾಡೋ ದಲಿತ ಕುಶಲಕರ್ಮಿಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದ್ರು. 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನ ಚೆನ್ನೈನ ಕಲಾಕ್ಷೇತ್ರ ಹಿಂದಕ್ಕೆ ತಗೊಂಡಿತು. ದನದ ಚರ್ಮದ ಮಾತು ಸಭೆಯಲ್ಲಿ ಬರಬಾರದು, ಚರ್ಮ ಮಾತ್ರ ವೇದಿಕೆ ಮೇಲೆ ನುಡೀತಿರಬೇಕು.

ದಲಿತರ ರುಚಿಗೂ ಉಳಿದವರ ರುಚಿಗೂ ಈ ನಾಡು ಬೇರೆ ಬೇರೆ ತಕ್ಕಡಿ ಇಟ್ಟಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದ್ರು. ದೇವರಾಜ ಅರಸರ ಸಂಪುಟದ ಮಂತ್ರಿ ಅವರು. ಆ ಮಾತು ಒಂದು ಅಭಿರುಚಿಯ ತೀರ್ಪು, ಒಪ್ಪಬಹುದು, ಬಿಡಬಹುದು. ಏನಾಯ್ತು? ಬೀದಿಗಿಳಿದ್ರು. ದಲಿತ ವಿದ್ಯಾರ್ಥಿಗಳಿಗೆ ಹೊಡೆದ್ರು. ಮಂತ್ರಿ ರಾಜೀನಾಮೆ ಕೊಡಬೇಕಾಯ್ತು. ನಮ್ಮ ಚಳವಳಿ ಬಲಿತದ್ದೇ ಆ ಬೆಂಕಿಯಲ್ಲಿ. ಅದೇ ನಮ್ಮ ಹಿರೇಕೊಡಿಗೆಯ ಮಣ್ಣಲ್ಲಿ, ತಾಯಿಯ ತವರಲ್ಲಿ ಹುಟ್ಟಿದ ಕುವೆಂಪು ಬರೆದ ನಾಡಗೀತೆಯ ಧಾಟಿಗೆ ಎಷ್ಟು ಜಗಳ ಆಯ್ತು? ಮೈಸೂರು ಅನಂತಸ್ವಾಮಿ ಧಾಟಿಯಾ, ಸಿ. ಅಶ್ವಥ್ ಧಾಟಿಯಾ ಅಂತ. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು, ವಿಷಯ ಹೈಕೋರ್ಟಿಗೂ ಹೋಯ್ತು. ಇರಲಿ, ರಾಗದ ಮೇಲೆ ಪ್ರೀತಿ ಇದ್ದವರು ಜಗಳ ಆಡಬೇಕು. ಅವರನ್ನ ಯಾರೂ ದಾರಿ ತಪ್ಪಿದವರು ಅನ್ನಲಿಲ್ಲ. ಅವರದ್ದು ಅಭಿರುಚಿ ಭೇದ. ನಮ್ಮ ಹುಡುಗರದ್ದು ಮಾತ್ರ ಅಡ್ಡದಾರಿ.

'ಜನಕ್ಕೆ ಅರ್ಥ ಆಗಲ್ಲ' ಅಂದವರಿಗೆ ಒಂದು ಮಾತು. 1984ರಲ್ಲಿ ದೇವನೂರರ 'ಕುಸುಮಬಾಲೆ' ಬಂದಾಗ ಇದನ್ನ ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ನಕ್ಕವರಿದ್ರು. ಅದಕ್ಕೂ ಮೊದಲು, 1975ರಲ್ಲಿ, ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಇದು ಘೋಷಣೆ, ಕಾವ್ಯ ಅಲ್ಲ ಅಂದವರಿದ್ರು. ಇವತ್ತು ಅದೇ ಹಾಡುಗಳಿಲ್ಲದೆ ನಮ್ಮ ಸಭೆ ಶುರುವಾಗಲ್ಲ. ಒಂದು ಕಾಲಕ್ಕೆ ಒರಟು ಅಂತ ಹೊರಗಿಟ್ಟ ಹಾಡನ್ನೇ ಇವತ್ತು ಬೇಲಿ ಮಾಡಿ ಇನ್ನೊಂದು ಒರಟು ಹಾಡನ್ನ ಹೊರಗೆ ನಿಲ್ಲಿಸ್ತಿದ್ದೀವಿ.

ಇನ್ನು ದೆವ್ವ, ಸ್ಮಶಾನ, ಕತ್ತಲೆ. ವಿಚಾರವಾದಿಗಳಾದ ನಮಗೆ ಅದು ಮೌಢ್ಯವಂತೆ! 2014ರ ಡಿಸೆಂಬರ್ 6ರ ರಾತ್ರಿ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲೇ ಉಂಡು ಅಲ್ಲೇ ಮಲಗಿದ್ರು. ಬಾಬಾಸಾಹೇಬರ ಪರಿನಿಬ್ಬಾಣದ ದಿನ ಅಂತ. ಆ ಫೋಟೋಗಳನ್ನ ನಾವೆಲ್ಲಾ ಹಂಚಿದ್ದೇ ಹಂಚಿದ್ದು. ಸ್ಮಶಾನದಲ್ಲಿ ಊಟ ಮಾಡಿದ್ರೆ ವೈಚಾರಿಕತೆ, ಸ್ಮಶಾನದ ಬಗ್ಗೆ ಹಾಡಿದ್ರೆ ಮೌಢ್ಯ, ಇದು ಹೆಂಗೆ ಅಂತ ಗೊತ್ತಿದ್ದವರು ವಿವರಿಸಿ.

ಆದ್ರೆ ಒಬ್ಬರ ಆಕ್ಷೇಪಕ್ಕೆ ನನ್ನ ಹತ್ರ ಉತ್ತರ ಇಲ್ಲ, ಅದನ್ನೂ ಬರೆಯಬೇಕು. ನಮ್ಮ ಕೇರಿಯ ಒಬ್ಬ ಅಜ್ಜಿ, ತೋಟದ ಲೈನ್ ಮನೆಯಲ್ಲೇ ಮುಪ್ಪಾದವರು. ಮೊಬೈಲಿನಲ್ಲಿ ಆ ಹಾಡು ಹಾಕಿದ್ರೆ ಒಂಬತ್ತು ನಿಮಿಷವೂ ಅಲ್ಲಾಡದೆ ಕೇಳಿದ್ರು. ಆಮೇಲೆ ಅಂದ್ರು: "ಹೊತ್ತಿದ್ದು ಸಾಲ್ದಾ ಮಗ, ಹಾಡಲ್ಲೂ ಹೆಣನೇ ಹೊರ್ಬೇಕನಾ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ್ರು: "ಕಡೆಗೆ ಜಾಗ ಸಿಕ್ತನಾ ಅವ್ರಿಗೆ?"

ಅವರಿಗೆ ಇಷ್ಟ ಆಗಲಿಲ್ಲ. ನಗು ಬೇಕು, ಬಣ್ಣ ಬೇಕು, ಸಾಕಾಗುವಷ್ಟು ಕತ್ತಲೆ ನೋಡಿದ್ದಾರೆ. ಅದು ಅವರು ದುಡಿದು ಗಳಿಸಿದ ರುಚಿ, ಅದರ ಮುಂದೆ ನಾನು ವಾದ ಮಾಡಲ್ಲ. ಆದರೆ ಆ ಅಜ್ಜಿ 'ನನಗೆ ಬೇಡ' ಅಂದ್ರೇ ಹೊರತು 'ಹಾಡಬಾರದು' ಅನ್ನಲಿಲ್ಲ. ಅಲ್ಲದೆ ಪೂರ್ತಿ ಕೇಳಿದ್ರು. ಸಮಿತಿಯ ಹನ್ನೊಂದು ಜನರಲ್ಲಿ ಪೂರ್ತಿ ಕೇಳಿದವರು ಇಬ್ಬರು.

ಈಗ ಬೆಂಗಳೂರಿನ ಮೆಟಲ್ ಗೆಳೆಯರ ಕಡೆ ತಿರುಗ್ತೀನಿ. ನೀವು ಇಷ್ಟೊತ್ತು ಖುಷಿಯಾಗಿ ತಲೆ ಆಡಿಸ್ತಾ ಓದಿರ್ತೀರಿ, ಗೊತ್ತು.

ನಿಮ್ಮ ಊರು ಈ ಸಂಗೀತಕ್ಕೆ ರಾಜಧಾನಿ. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. 2012ರಿಂದ 'ಬೆಂಗಳೂರು ಓಪನ್ ಏರ್' ಉತ್ಸವ ಶುರುವಾಯ್ತು. 1998ರಲ್ಲಿ ಹುಟ್ಟಿದ ನಿಮ್ಮ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ಬಂತು. ಮೆಟಾಲಿಕಾ ದಿನ ನಾನೂ ಇದ್ದೆ, ಕೊಪ್ಪದಿಂದ ರಾತ್ರಿ ಬಸ್ಸಿಗೆ ಬಂದಿದ್ದೆ. ಟಿಕೆಟ್ಟಿಗೆ ಕೊಟ್ಟ ದುಡ್ಡು ಮನೇಲಿ ಇವತ್ತಿಗೂ ಹೇಳಿಲ್ಲ. ಪಕ್ಕದಲ್ಲಿ ನಿಂತವನು ತಲೆಬುರುಡೆ ಟೀ ಶರ್ಟು ಹಾಕಿದ್ದ, ಒಳ್ಳೇ ಹುಡುಗ, ನೀರು ಕೊಟ್ಟ. ಎರಡು ಹಾಡು ಮುಗಿಯೋದ್ರೊಳಗೆ ಊರು ಕೇಳಿದ, ಹೆಸರು ಕೇಳಿದ, 'ಪೂರ್ತಿ ಹೆಸರು?' ಅಂತನೂ ಕೇಳಿದ. ಮೆಟಲ್‌ಗೆ ಜಾತಿ ಇಲ್ಲ ಅಂತ ನೀವು ಹೇಳ್ತೀರಿ. ಕೇಳೋರಿಗೆ ಇದೆ ಸ್ವಾಮಿ.

ನಿಮ್ಮ ಆಲ್ಬಮ್ಮುಗಳ ಮುಖಪುಟದಲ್ಲಿ ಹೆಣ, ಕೊಳೆತ ಮಾಂಸ, ಮಲಗುಂಡಿ. ಚಿತ್ರ ಚೆನ್ನಾಗಿರ್ತದೆ. ಆದರೆ ಈ ದೇಶದಲ್ಲಿ ಹೆಣದ ಗುಂಡಿ ತೋಡೋರು ಯಾರು, ಸತ್ತ ದನ ಎಳೆಯೋರು ಯಾರು, 2013ರಲ್ಲಿ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ಉಸಿರುಕಟ್ಟಿ ಸಾಯ್ತಿರೋರು ಯಾರು ಅನ್ನೋದು ನಿಮ್ಮ ಹಾಡುಗಳಲ್ಲಿ ಯಾಕೆ ಬರಲ್ಲ? ಬರ್ಮಿಂಗ್‌ಹ್ಯಾಮ್‌ನವರು ತಮ್ಮ ಬೀದಿಯ ಹೊಗೆಯನ್ನೇ ಹಾಡಿದ್ರು. ನೀವು ಯುರೋಪಿನ ಚಳಿಗಾಲವನ್ನ, ಅಲ್ಲಿನ ದೆವ್ವಗಳನ್ನ ಹಾಡ್ತೀರಿ. ಎಲ್ಲರೂ ಅಂತ ಅಲ್ಲ. 'ದ್ವೇಷ' ಅಂತ ಬೆಂಗಳೂರಿನದೇ ಬ್ಯಾಂಡು ಡೆತ್ ಮೆಟಲನ್ನ ಕನ್ನಡದಲ್ಲಿ ಹಾಡಿ 2014ರಲ್ಲಿ 'ಸ್ತೂಪ' ಅಂತ ಆಲ್ಬಮ್ ತಂತು. ಅದನ್ನ ಕೇಳಿದ ಮೇಲೇ ನಮ್ಮ ಹುಡುಗರಿಗೆ ಈ ಸಂಗೀತ ಕನ್ನಡದಲ್ಲೂ ಉಸಿರಾಡ್ತದೆ ಅಂತ ಧೈರ್ಯ ಬಂದದ್ದು. ಆ ಉಪಕಾರ ದೊಡ್ಡದು. ಇನ್ನೊಂದು ಧೈರ್ಯ ಬಂದದ್ದು ಚೆನ್ನೈನಿಂದ. 2018ರ ಜನವರಿಯಲ್ಲಿ ಪಾ. ರಂಜಿತ್ ಮತ್ತು ತೆನ್ಮಾ ಸೇರಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಅಂತ ಬ್ಯಾಂಡು ವೇದಿಕೆಗೆ ತಂದ್ರು. ಪರೈ, ಗಾನಾ ಹಾಡು, ಗಿಟಾರು, ಡ್ರಮ್ಸು ಎಲ್ಲಾ ಒಟ್ಟಿಗೆ. ಪರೈ ನುಡಿಸೋರಿಗೆ ಗಿಟಾರು ಮುಟ್ಟಬೇಡ ಅಂತ ಅಲ್ಲಿ ಯಾರೂ ಹೇಳಲಿಲ್ಲ, ಗಿಟಾರಿನವರಿಗೆ ಪರೈ ಹಿಡಿ ಅಂತಲೂ ಹೇಳಲಿಲ್ಲ. ನಮ್ಮ ಕರ್ನಾಟಕದಲ್ಲಿ ಅಂಥದ್ದೊಂದು ಯಾಕೆ ಎದ್ದು ನಿಲ್ಲಲಿಲ್ಲ ಅಂತ ನಾನು ತುಂಬಾ ದಿನ ಯೋಚಿಸಿದ್ದೀನಿ. ಜಯಂತಿಯ ಸಭೆ ನೋಡಿದ ಮೇಲೆ ಅರ್ಧ ಉತ್ತರ ಸಿಕ್ಕಿತು.

ನಾನು ಆ ಹುಡುಗರ ವಕೀಲ ಅಂತ ತಿಳ್ಕೋಬೇಡಿ. ಅವರ ಹಾಡಿನ ಬಗ್ಗೆ ನನಗೇ ತಕರಾರಿದೆ. ಕೊನೇ ಎರಡು ನಿಮಿಷ ಆ ಗಂಟಲು ಹರಿಯೋ ಗೊಗ್ಗರು ದನಿ ನನಗೆ ಹಿಡಿಸಲ್ಲ, ಮಾತು ತಿಳಿಯಲ್ಲ. ನಾನು ಅಯೋಮಿ ಕಾಲದವನು, ಪದ ಕೇಳಬೇಕು. 'ಅಣ್ಣ, ಹೆಣ ಹೊತ್ತವನಿಗೆ ಮಾತು ಸ್ಪಷ್ಟ ಬರ್ತದಾ?' ಅಂತ ಮರಗಸಿ ಹುಡುಗ ಕೇಳಿದ. ನಾನು ಒಪ್ಪಿಲ್ಲ, ಅವನೂ ಬಿಟ್ಟಿಲ್ಲ. ಈ ಜಗಳ ಎರಡು ತಿಂಗಳಿಂದ ನಡೀತಿದೆ, ನಡೀಲಿ. ಹಾಡು ಕೇಳಿ ಆಡೋ ಜಗಳ ಅದು. ನೀವು ಆಡಿದ್ದು ಹಾಡು ಕೇಳದೆ, ಹಾಡಿದವರ ಕೇರಿ ನೋಡಿ.

ಸಮಿತಿಯ ಹಿರಿಯರಿಗೆ ನನ್ನ ಬೇಡಿಕೆ ಒಂದೇ. ಈ ಡಿಸೆಂಬರ್ 6ಕ್ಕೆ ಸ್ಮಶಾನ ಭೂಮಿಯ ಮನವಿಯನ್ನ ಮತ್ತೆ ತಹಸೀಲ್ದಾರರಿಗೆ ಕೊಡ್ತೀವಿ ಅಂತ ಸಭೆಯಲ್ಲಿ ಬರೆದಿದ್ದೀವಿ. ಮನವಿ ಓದಿದ ಮೇಲೆ ಆ ಒಂಬತ್ತು ನಿಮಿಷ ಹುಡುಗರಿಗೆ ಬಿಡಿ. ಮುಂದಿನ ಸಭೆಯ ಅಜೆಂಡಾದಲ್ಲಿ ಇದನ್ನ ಲಿಖಿತವಾಗಿ ಸೇರಿಸಿ ಅಂತ ಕಾಗದ ಕೊಟ್ಟಿದ್ದೀನಿ, ಸ್ವೀಕೃತಿ ಸಹಿ ಹಾಕಿಸಿಕೊಂಡಿದ್ದೀನಿ. ಬೇಡ ಅನ್ನೋರು ಕಾರಣ ಬರೆದು ಸಹಿ ಮಾಡಲಿ. ತಮಟೆ ತಂಡಕ್ಕೂ ಹೇಳಿದ್ದೀನಿ. ಅವರಿಗೆ ಇಷ್ಟ ಇದ್ರೆ ಹುಡುಗರ ಜೊತೆ ನುಡಿಸ್ತಾರೆ, ಇಲ್ಲ ಅಂದ್ರೆ ಇಲ್ಲ.

ಬೆಂಗಳೂರಿನವರಿಗೆ: ಬೇಸ್ ಗಿಟಾರಿನ ಆಂಪ್ ಒಂದು ಬೇಕು, ಎರಡು ದಿನಕ್ಕೆ. ಬಸ್ಸಿನಲ್ಲಿ ಹಾಕಿ ಕಳಿಸಿದ್ರೆ ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ನಾವೇ ಇಳಿಸಿಕೊಳ್ತೀವಿ, ಹಂಗೇ ವಾಪಸ್ ಕಳಿಸ್ತೀವಿ. ಇಲ್ಲಿ ಕರೆಂಟಿನ ಭರವಸೆ ಇಲ್ಲ, ಹತ್ತಿರದವರು ಯಾರ ಹತ್ರ ಆದ್ರೂ ಜನರೇಟರ್ ಇದ್ರೆ ಇನ್‌ಬಾಕ್ಸಿಗೆ ಬನ್ನಿ. ಡೀಸೆಲ್ ನಮ್ಮದು.

ಜೈ ಭೀಮ್.